ಜರ್ಮನ್‌ನಲ್ಲಿ ಅಡುಗೆ ಮಾಡುವ ಅಮ್ಮ

ಜನವರಿ ೧೧

ಬೋರ್ಡು ಬರೆಯುವ ಅಪ್ಪನಿಗೆ ಹಲ್ಲು ಕಟ್ಟುವ ಮಗಳ ನಮಸ್ಕಾರ.

ಫೋನ್ ಮಾಡದೆ ಕಾಗದ ಬರೆಯುತ್ತಿರುವುದಕ್ಕೆ ಕಾರಣವಿದೆ. ಫೋನಿನಲ್ಲಿ ನನ್ನ ದನಿ ಏರಿದ ಕೂಡಲೇ ನೀವು “ಹಲೋ, ಹಲೋ, ಏನೂ ಕೇಳಿಸ್ತಾ ಇಲ್ಲ ಕಣೇ” ಅಂದು ಇಟ್ಟುಬಿಡುತ್ತೀರಿ. ಕಾಗದದಲ್ಲಿ ಸಿಗ್ನಲ್ ಹೋಗುವುದಿಲ್ಲ. ನನಗೀಗ ಪೂರ್ತಿ ಕೇಳಿಸಿಕೊಳ್ಳುವ ಒಬ್ಬ ಮನುಷ್ಯ ಬೇಕು. ಮೈಯೆಲ್ಲ ಉರಿಯುತ್ತಿದೆ.

ಜರ್ಮನ್ ತರಗತಿಗೆ ಸೇರಿ ಒಂದು ವಾರವಾಯಿತು. ಬೆಳಿಗ್ಗೆ ಲ್ಯಾಬಿನಲ್ಲಿ ಮೇಣದ ಮೇಲೆ ಊರವರ ಹಲ್ಲು ಜೋಡಿಸುತ್ತೇನೆ. ಸಂಜೆ ಇಲ್ಲಿಗೆ ಬಂದು ನನ್ನ ಹಲ್ಲು ಮುರಿದುಕೊಳ್ಳುತ್ತೇನೆ. ಮೊದಲ ಹಂತದ ಪರೀಕ್ಷೆ ಪಾಸಾದರೆ ತರಬೇತಿಗೆ ಸೇರಿಸಿಕೊಳ್ಳುತ್ತೇವೆ ಅಂತ ಆ ದೂರದ ಜರ್ಮನ್ ಲ್ಯಾಬಿನವರು ಬರೆದಿದ್ದಾರಲ್ಲ, ಅದೊಂದು ಆಸೆಗೆ ಇಷ್ಟೆಲ್ಲ.

ತರಗತಿ ಇರುವುದು ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಟೈರಿಗೆ ಗಾಳಿ ತುಂಬುತ್ತಾರೆ, ಮೇಲೆ ನಮಗೆ. ಮೇಷ್ಟ್ರು ಒಳ್ಳೆಯವರೇ. ಪೆನ್ನನ್ನು ಕಿವಿಯ ಮೇಲೆ ಸಿಕ್ಕಿಸಿಕೊಂಡು ಅದನ್ನೇ ಮೇಜಿನ ಮೇಲೆ ಹುಡುಕುತ್ತಾರೆ. ಅವರ ಬೋಧನೆಯ ಸಾರ ಒಂದೇ: “ಯೋಚ್ನೆ ಮಾಡ್ಬೇಡಿ, ನೆನಪಿಟ್ಕೊಳ್ಳಿ.”

ಈ ಭಾಷೆಯಲ್ಲಿ ಯಾವ ವಸ್ತುವೂ ಸುಮ್ಮನೆ ವಸ್ತುವಾಗಿ ಇರುವಂತಿಲ್ಲ. ಗಂಡಾದರೆ ಮುಂದೆ ‘ಡೆರ್’ ಹಾಕಬೇಕು, ಹೆಣ್ಣಾದರೆ ‘ಡೀ’, ಎರಡೂ ಅಲ್ಲದಿದ್ದರೆ ‘ಡಸ್’. ಯಾರು ಏನು ಅಂತ ಮುಖ ನೋಡಿ ಹೇಳುವ ಹಾಗಿಲ್ಲ. ಹಲ್ಲು ಗಂಡಂತೆ. ನಾಲಗೆ ಹೆಣ್ಣಂತೆ. (ಇದನ್ನು ಹೇಳುವಾಗ ಮೇಷ್ಟ್ರು ಹುಡುಗಿಯರ ಸಾಲಿನ ಕಡೆ ನೋಡಿ ನಕ್ಕರು.) ನಾನು ಬೆನ್ನು ಬಗ್ಗಿಸಿ ಕಟ್ಟುವ ಹಲ್ಲಿನ ಸೆಟ್ಟು ಮಾತ್ರ ಎರಡೂ ಅಲ್ಲ. ಅದೂ ಹೋಗಲಿ ಅಂದರೆ, ಹುಡುಗಿಯೂ ಎರಡೂ ಅಲ್ಲವಂತೆ! ಡಸ್ ಮೇಡ್ಶೆನ್.

“ಹುಡುಗಿ ಹೆಣ್ಣಲ್ವಾ ಸಾರ್?” ಅಂದೆ.

“ಅಲ್ಲ.”

“ಮತ್ತೆ ಯಾವಾಗ ಆಗ್ತಾಳೆ?”

“ಯೋಚ್ನೆ ಮಾಡ್ಬೇಡ, ನೆನಪಿಟ್ಕೋ.”

ಆದರೆ ಮಗಳು ಅಂದರೆ ಹೆಣ್ಣೇ ಅಂತೆ. ಹಾಗಾಗಿ ನಿಮಗೆ ಬರೆಯುವಾಗ ಮಾತ್ರ ನಾನು ಹೆಣ್ಣು. ಉಳಿದ ಹೊತ್ತು ಹಲ್ಲಿನ ಸೆಟ್ಟಿನ ಜಾತಿ. ಈವರೆಗೆ ಕಲಿತ ಪದಗಳನ್ನು ಈ ಹಾಳೆಯ ಹಿಂಬದಿಯಲ್ಲಿ ಬರೆದಿದ್ದೇನೆ. ನೀವೂ ಸ್ವಲ್ಪ ಒದ್ದಾಡಿ.

ನಿಮ್ಮ ಮಗಳು

*

ಜನವರಿ ೨೨

ಕಿಡಿ,

ನಿನ್ನ ಕಾಗದ ಬಂದಾಗ ಏಣಿಯ ಮೇಲಿದ್ದೆ. ಹಾಲಿನ ಅಂಗಡಿಯೊಂದಕ್ಕೆ ‘ಶುದ್ಧ ಹಾಲು’ ಅಂತ ಬರೆದು ಮುಗಿಸಿದ್ದೆ. ಮಾಲೀಕ ಕೆಳಗೆ ನಿಂತು, “ಶುದ್ಧ ಅನ್ನೋದು ಬೇಡ ಸ್ವಾಮಿ, ಜನಕ್ಕೆ ಸುಮ್ಮನೆ ಅನುಮಾನ ಬರುತ್ತೆ” ಅಂದ. ಅಳಿಸಿದೆ. ಸತ್ಯ ಬರೆಯುವುದು ನನ್ನ ಕೆಲಸವಲ್ಲ, ನೇರವಾಗಿ ಬರೆಯುವುದು ನನ್ನ ಕೆಲಸ.

ನಿನ್ನ ಪದಗಳನ್ನು ಗಟ್ಟಿಯಾಗಿ ಓದಿದೆ. ಅಪ್ಪ ಅಂದರೆ ‘ಫಾಟರ್’. ಏಣಿ ಇಳಿಯುವಾಗ ಪ್ಯಾಂಟು ಹರಿದರೆ ಇದೇ ಸದ್ದು ಬರುವುದು. ಮಗಳು ಅಂದರೆ ‘ಟೊಖ್ಟರ್’. ಡಾಕ್ಟರಾಗಲು ಹೊರಟವಳಿಗೆ ಅರ್ಧ ದಾರಿಯಲ್ಲಿ ಕೆಮ್ಮು ಹತ್ತಿದ ಹಾಗಿದೆ. ಅಮ್ಮ ಅಂದರೆ ‘ಮುಟ್ಟರ್’. ಇದೊಂದು ಸರಿಯಾಗಿದೆ. ನಿಮ್ಮಮ್ಮ ವಾಚ್ ರಿಪೇರಿ ಮಾಡುತ್ತಿದ್ದ ಮೇಜನ್ನು ಯಾರೂ ಮುಟ್ಟರ್, ಮುಟ್ಟಿದವರು ಉಳಿಯರ್. ಇರಲಿ.

ಬೋರ್ಡು ಬರೆಯುವವನಾಗಿ ನನ್ನದೂ ಒಂದು ತಕರಾರಿದೆ. ಹೆಸರುಪದಗಳಿಗೆಲ್ಲ ದೊಡ್ಡಕ್ಷರ ಅಂತ ಬರೆದಿದ್ದೀಯ. ಕುರ್ಚಿಗೂ ದೊಡ್ಡಕ್ಷರ, ಮೊಳೆಗೂ ದೊಡ್ಡಕ್ಷರ. ‘ನಾನು’ ಅನ್ನುವುದಕ್ಕೆ ಮಾತ್ರ ಸಣ್ಣಕ್ಷರವಂತೆ! ಕುರ್ಚಿಗೆ ಇರುವ ಮರ್ಯಾದೆ ಕೂತವನಿಗೆ ಇಲ್ಲ. ಇದು ಅಕ್ಷರಮಾಲೆಯೋ, ಸರ್ಕಾರಿ ಕಚೇರಿಯೋ?

ಇನ್ನು ನಿನ್ನ ಉದ್ಯೋಗದ ಹೆಸರು: ತ್ಸಾನ್‌ಟೆಖ್ನಿಕೆರಿನ್. ಅದನ್ನು ಬರೆಯಬೇಕಾದರೆ ನಿನ್ನ ಅಂಗಡಿ ಪಕ್ಕದ ಅಂಗಡಿಯ ಗೋಡೆಯನ್ನೂ ಬಾಡಿಗೆಗೆ ಹಿಡಿಯಬೇಕು. ಆದರೂ ಬರೆದುಕೊಡುತ್ತೇನೆ, ನೀನು ಪಾಸಾಗು. ಹಲ್ಲು ಕಚ್ಚಿಕೊಂಡು ಓದು. ನಿನ್ನದಲ್ಲದಿದ್ದರೆ ಲ್ಯಾಬಿನದು.

ಇಂತಿ, ಪ್ಯಾಂಟು ಹರಿದ
ಫಾಟರ್

*

ಫೆಬ್ರವರಿ ೬

ಅಪ್ಪ,

ನೀವು ಎಂಜಿನಿಯರ್ ಆಗಿದ್ದೀರಿ, ಅಭಿನಂದನೆಗಳು. ಕೈಯಲ್ಲಿ ಬ್ರಶ್ ಇದ್ದರೆ ಕೆಳಗಿಟ್ಟು ಕೂತುಕೊಳ್ಳಿ, ಮುಂದಿನದು ಇನ್ನೂ ದೊಡ್ಡ ಸುದ್ದಿ. ಅಮ್ಮ ಬದುಕಿದ್ದಾಳೆ.

ಪರೀಕ್ಷೆಯಲ್ಲಿ ಪರಿಚಯ ಹೇಳಬೇಕು. ನಾನು ಯಾರು, ಮನೆಯಲ್ಲಿ ಯಾರ್ಯಾರಿದ್ದಾರೆ, ಇಷ್ಟೇ. ಅದಕ್ಕೆ ಮೇಷ್ಟ್ರು ಒಂದು ಗದ್ಯ ಕೊಟ್ಟಿದ್ದಾರೆ. ಕನ್ನಡದಲ್ಲಿ ಹೀಗಿರುತ್ತದೆ: “ನನ್ನ ತಂದೆ ಎಂಜಿನಿಯರ್. ನನ್ನ ತಾಯಿ ಗೃಹಿಣಿ. ಅವರಿಗೆ ಅಡುಗೆ ಮಾಡುವುದು ಇಷ್ಟ. ನನಗೆ ಒಬ್ಬ ತಮ್ಮನಿದ್ದಾನೆ. ಅವನಿಗೆ ಫುಟ್‌ಬಾಲ್ ಆಡುವುದು ಇಷ್ಟ. ನಮ್ಮಲ್ಲಿ ಒಂದು ನಾಯಿ ಇದೆ. ನನ್ನ ಹವ್ಯಾಸ ಈಜು.” ತರಗತಿಯಲ್ಲಿ ಇದಕ್ಕೆ ‘ಕುಟುಂಬ’ ಅಂತಲೇ ಹೆಸರು. “ಕುಟುಂಬ ಒಪ್ಸಿದ್ಯಾ?” “ನಂದು ನಾಯಿ ಹತ್ರ ತಡವರಿಸುತ್ತೆ ಕಣೇ.” ಎಲ್ಲರಿಗೂ ಇದೇ ಗದ್ಯ. ಕೋಣೆಯ ತುಂಬ ಒಂದೇ ತಾಯಿಯ ಮಕ್ಕಳು. ಆ ತಾಯಿ ಅಡುಗೆ ಮಾಡದೆ ಇನ್ನೇನು ಮಾಡಿಯಾಳು?

ನಾನು ಸ್ಕೂಲಿಗೆ ಸೇರುವ ಮೊದಲೇ ತೀರಿಹೋದ ಅಮ್ಮ ಟೈರ್ ಅಂಗಡಿಯ ಮೇಲೆ ಎದ್ದು ಕೂತು ಒಲೆ ಹಚ್ಚಿದ್ದಾಳೆ! ಅವಳ ಬಗ್ಗೆ ನನಗೆ ಗೊತ್ತಿರುವುದೇ ಚೂರುಪಾರು. ಅದರಲ್ಲಿ ಒಂದು, ಅವಳು ವಾಚ್ ರಿಪೇರಿ ಮಾಡುತ್ತಿದ್ದಳು ಅನ್ನುವುದು. ಅದನ್ನೂ ಕಿತ್ತುಕೊಂಡು ಕೈಗೆ ಸೌಟು ಕೊಟ್ಟಿದ್ದಾರೆ.

ಎದ್ದು ನಿಂತೆ. “ಸಾರ್, ನಮ್ಮಮ್ಮ ಇಲ್ಲ.”

“ಇದ್ದಾರೆ ಅನ್ನು.”

“ಅವರು ವಾಚ್ ರಿಪೇರಿ ಮಾಡ್ತಿದ್ರು.”

“ಗೃಹಿಣಿ ಅನ್ನು. ನೋಡಮ್ಮ, ಬದುಕಿರೋರ ಬಗ್ಗೆ ಯಾರೂ ಹೆಚ್ಚು ಕೇಳಲ್ಲ. ಸತ್ತವರು ಬಂದ್ರೆ ಉಪಪ್ರಶ್ನೆ ಬರುತ್ತೆ. ಉಪಪ್ರಶ್ನೆಗೆ ನಾವು ತಯಾರಾಗಿಲ್ಲ.”

“ಸುಳ್ಳಲ್ವಾ ಸಾರ್ ಅದು?”

“ಸುಳ್ಳಲ್ಲಮ್ಮ, ಅಭ್ಯಾಸ.”

ಪಕ್ಕದಲ್ಲಿ ಕೂರುವವಳನ್ನು ನಾವು ‘ಟೇಪ್’ ಅಂತ ಕರೆಯುತ್ತೇವೆ. ಗುಂಡಿ ಒತ್ತಿದರೆ ಕುಟುಂಬ ಪೂರ್ತಿ ಹೇಳಿಯೇ ನಿಲ್ಲುವುದು. ಅವಳು ನನ್ನ ಕೈ ಹಿಡಿದು ಕೂರಿಸಿ ಕಿವಿಯಲ್ಲಿ ಅಂದಳು: “ನಮ್ಮಪ್ಪ ಮನೆ ಬಿಟ್ಟು ಹೋದೋನು ಕಣೇ. ಇಲ್ಲಿ ಎಂಜಿನಿಯರ್ ಆಗಿ ದಿನಾ ಮನೇಗೆ ಬರ್ತಾನೆ. ನಂಗೇನು ನಷ್ಟ?”

ಅದಕ್ಕೂ ಸೇರಿಸಿ ಮೇಷ್ಟ್ರ ಮೇಲೆಯೇ ಸಿಟ್ಟು ಬಂತು.

ಈಜು ಬಾರದ
ನಿಮ್ಮ ಮಗಳು

*

ಫೆಬ್ರವರಿ ೧೪

ಕಿಡಿ,

ಎಂಜಿನಿಯರ್ ಪದವಿಯನ್ನು ಸ್ವೀಕರಿಸಿದ್ದೇನೆ. ಇವತ್ತು ಏಣಿ ಹತ್ತುವಾಗಲೇ ಒಂದು ಗತ್ತು ಬಂದಿತ್ತು. ಬೀಗದ ಅಂಗಡಿಯವನು “ಏನ್ರೀ, ಬಣ್ಣ ತೆಳ್ಳಗಾಯ್ತು” ಅಂದ. “ಎಂಜಿನಿಯರ್ ಹತ್ರ ಹೀಗೆ ಮಾತಾಡ್ತಾರೇನ್ರೀ?” ಅಂದೆ. ಅವನು ಅತ್ತಿತ್ತ ನೋಡಿದ, ಯಾರೋ ಬಂದಿದ್ದಾರೇನೋ ಅಂತ.

ಆದರೆ ನಿನ್ನ ಮೇಷ್ಟ್ರ ಮೇಲೆ ನನಗೂ ಕೆಂಡದಂಥ ಸಿಟ್ಟಿದೆ, ಅದೂ ಬೇರೆಯೇ ಕಾರಣಕ್ಕೆ. ನಿನಗೊಬ್ಬ ತಮ್ಮನಂತೆ! ಅಂದರೆ ನನಗೊಬ್ಬ ಮಗ! ಇಷ್ಟು ವರ್ಷ ಎಲ್ಲಿ ಹಾಳಾಗಿ ಹೋಗಿದ್ದ? ನಾನು ಎರಡನೇ ಮಹಡಿಯ ಎತ್ತರದಲ್ಲಿ ಒಂಟಿ ಕಾಲಿನಲ್ಲಿ ತೂಗಾಡುತ್ತಿದ್ದಾಗ ಏಣಿ ಹಿಡಿಯುವುದಕ್ಕೆ ಒಂದು ದಿನ ಬಂದನೇ? ಫುಟ್‌ಬಾಲ್ ಅಂತೆ, ಫುಟ್‌ಬಾಲ್! ಎದುರಿಗೆ ಸಿಕ್ಕಿದರೆ ಹೇಳು, ಯಾವುದು ಚೆಂಡು ಯಾವುದು ಕೆನ್ನೆ ಅಂತ ತೋರಿಸುತ್ತೇನೆ. ನಾಯಿ ಬೇರೆ ಸಾಕಿದ್ದಾನೆ.

ತಮಾಷೆ ಸಾಕು. ಹೇಳಿಬಿಡು, ಕಿಡಿ. ಅವರು ಕೊಟ್ಟದ್ದನ್ನು ಒಪ್ಪಿಸು, ಪಾಸಾಗು, ಹೊರಡು. ನಾಟಕದಲ್ಲಿ ಪಾತ್ರ ಮಾಡಿದವರು ಬಣ್ಣ ತೊಳೆದು ಮನೆಗೆ ಬರುವುದಿಲ್ಲವೇ? ನಾನು ಶುದ್ಧವಲ್ಲದ ಹಾಲಿಗೂ ಬೋರ್ಡು ಬರೆದಿದ್ದೇನೆ, ನನ್ನ ಕೈಯೇನೂ ಹೊಲಸಾಗಿಲ್ಲ. ಆ ಲ್ಯಾಬಿನಲ್ಲಿ ಕೂತು ಕೆಲಸ ಕಲಿಯಬೇಕು ಅಂತ ನೀನು ಮೇಣ ಹಿಡಿದ ದಿನದಿಂದ ಹೇಳುತ್ತಿದ್ದೀಯ. ಒಂದು ಗದ್ಯದ ಮುಂದೆ ಅದನ್ನು ಕಳೆದುಕೊಳ್ಳಬೇಡ.

ಇನ್ನೊಂದು ಮಾತು. ಈ ಅಡುಗೆಯವರು ಮುಂದಿನ ಪಾಠಗಳಲ್ಲೂ ಬರುತ್ತಾರಾ? ಬಂದರೆ ಏನೇನು ಮಾಡುತ್ತಾರೆ ಅಂತ ಬರಿ. ಸುಮ್ಮನೆ ಕೇಳಿದೆ.

ಇಂತಿ ನಿನ್ನ
ಎಂಜಿನಿಯರ್ ಅಪ್ಪ

*

ಮಾರ್ಚ್ ೧

ಅಪ್ಪ,

ಸುಮ್ಮನೆ ಕೇಳಿದಿರಂತೆ. ನೀವು ಯಾವತ್ತು ಏನನ್ನು ಸುಮ್ಮನೆ ಕೇಳಿದ್ದೀರಿ?

ಸರಿ, ಕೇಳಿದ್ದಕ್ಕೆ ಹೇಳುತ್ತೇನೆ. ಮುಂದಿನ ಪಾಠದಲ್ಲಿ ಆಕೆ ಮಾರುಕಟ್ಟೆಗೆ ಹೋಗಿ ಸೇಬು ಕೊಳ್ಳುತ್ತಾಳೆ. ಕೆಂಪು ಸೇಬು. ಅದರ ಮುಂದಿನದರಲ್ಲಿ ರೈಲು ನಿಲ್ದಾಣದಲ್ಲಿ ನಿಂತು ಗಡಿಯಾರ ನೋಡುತ್ತಾಳೆ. ನೋಡುತ್ತಾಳೆ ಅಷ್ಟೇ, ಬಿಚ್ಚಿ ಸರಿಮಾಡುವುದಿಲ್ಲ. ಅದರ ಮುಂದಿನ ಪಾಠದಲ್ಲಿ ಆಕೆಗೆ ಜ್ವರ. ಡಾಕ್ಟರ್ ಬರುತ್ತಾರೆ, ಮಲಗಿ ಅನ್ನುತ್ತಾರೆ, ಮಲಗುತ್ತಾಳೆ. ಪುಟ ತಿರುಗಿಸಿದರೆ ಗುಣವಾಗಿ ಮತ್ತೆ ಒಲೆಯ ಮುಂದೆ ನಿಂತಿರುತ್ತಾಳೆ. ನಮ್ಮ ಮನೆಯಲ್ಲಿ ಹಾಗಾಗಲಿಲ್ಲ. ಆ ಪಾಠ ಓದಿಸುವಾಗ ನಾನು ಎದ್ದು ಮೆಟ್ಟಿಲ ಮೇಲೆ ಹೋಗಿ ಕೂತೆ. ಕೆಳಗೆ ಟೈರಿನಿಂದ ಗಾಳಿ ಬಿಡುತ್ತಿದ್ದರು. ಆ ಸದ್ದೇ ಎಷ್ಟೋ ವಾಸಿ ಅನ್ನಿಸಿತು.

ನಿಮಗೆ ಈ ಸೇಬು ಕೊಳ್ಳುವವಳು ಬೇಕಾಗಿದ್ದಾಳಾ? ನಿಜ ಹೇಳಿ. ನನಗೆ ಬೇಡ. ನಿಘಂಟು ಹಿಡಿದು ಕೂತು ನನ್ನ ಕುಟುಂಬವನ್ನು ನಾನೇ ಕಟ್ಟಿಕೊಂಡಿದ್ದೇನೆ: “ನನ್ನ ತಾಯಿ ತೀರಿಕೊಂಡಿದ್ದಾರೆ. ಅವರು ಗಡಿಯಾರ ರಿಪೇರಿ ಮಾಡುತ್ತಿದ್ದರು. ನನ್ನ ತಂದೆ ಬೋರ್ಡು ಬರೆಯುತ್ತಾರೆ. ನನಗೆ ತಮ್ಮನಿಲ್ಲ. ನಮ್ಮಲ್ಲಿ ನಾಯಿ ಇಲ್ಲ. ನನಗೆ ಈಜು ಬರುವುದಿಲ್ಲ.” ಮೇಷ್ಟ್ರು ಕೇಳಿಸಿಕೊಂಡು ಕಿವಿಯ ಮೇಲಿನ ಪೆನ್ನನ್ನು ಜೇಬಿನಲ್ಲಿ ಹುಡುಕಿದರು. “ಇಷ್ಟೊಂದು ‘ಇಲ್ಲ’ ಇರೋ ಮನೆಯಿಂದ ಯಾರನ್ನಮ್ಮ ಪಾಸ್ ಮಾಡ್ತಾರೆ?” ಅಂದರು. ತರಗತಿಯೆಲ್ಲ ನಕ್ಕಿತು. ಟೇಪ್ ನಗಲಿಲ್ಲ.

ನಾನು ಹೇಳುವುದು ಇದನ್ನೇ. ಏನು ಬೇಕಾದರೂ ಆಗಲಿ.

ನಿಮ್ಮ ಮಗಳು

*

ಮಾರ್ಚ್ ೯

ಕಿಡಿ,

ಬೇಡ.

ಈ ಸಲ ತಮಾಷೆ ಮಾಡುತ್ತಿಲ್ಲ, ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ನೀನು ಏನೋ ದೊಡ್ಡ ಸತ್ಯ ಹೇಳುತ್ತೇನೆ ಅಂದುಕೊಂಡಿದ್ದೀಯ. ಸ್ವಲ್ಪ ಯೋಚಿಸು, ನಿನ್ನ ಮೇಷ್ಟ್ರು ಬೇಡ ಅಂದರೂ. ಒಂದು ಕೋಣೆ. ಗುರುತು ಪರಿಚಯ ಇಲ್ಲದವರು ಪೆನ್ನು ಹಿಡಿದು ಕೂತಿರುತ್ತಾರೆ. ನೀನು ಹೋಗಿ ನಿಮ್ಮಮ್ಮ ಸತ್ತದ್ದನ್ನು ಹೇಳುತ್ತೀಯ. ಅವರು ಅದರ ಉಚ್ಚಾರ ಸರಿಯಿತ್ತೇ ಅಂತ ನೋಡುತ್ತಾರೆ. ಸತ್ತದ್ದಕ್ಕೆ ಇಷ್ಟು ಮಾರ್ಕು, ಗಡಿಯಾರಕ್ಕೆ ಇಷ್ಟು ಮಾರ್ಕು. ಆ ಅಡುಗೆಯವಳಿಗೆ ಬೇಕಾದಷ್ಟು ಹಾಕಿಕೊಳ್ಳಲಿ, ಕಳೆಯಲಿ, ನನಗೇನು? ಇವಳಿಗೆ ಮಾರ್ಕು ಹಾಕುವುದಕ್ಕೆ ಅವರು ಯಾರು?

ಸುಳ್ಳು ಹೇಳಬೇಕಲ್ಲ ಅಂತ ನಿನಗೆ ಉರಿಯುತ್ತಿದೆ. ನಿಜ ಹೇಳ್ತೀಯ ಅಂತ ನನಗೆ ಉರಿಯುತ್ತಿದೆ. ಕೆಲವನ್ನು ಮನೆಯಲ್ಲಿ ಇಟ್ಟು ಬಾಗಿಲು ಹಾಕಿಕೊಂಡೇ ಹೊರಗೆ ಹೋಗಬೇಕು.

ನೀನು ಕೇಳಿದ್ದಕ್ಕೆ ಉತ್ತರ: ಹೌದು, ನೀನು ಬರೆದಿದ್ದ ಆ ಸೇಬಿನ ಪಾಠವನ್ನು ಇನ್ನೊಂದು ಸಲ ಓದಿದೆ. ಓದಬಾರದು ಅಂತ ಕಾನೂನಿದೆಯೇ?

ಅಪ್ಪ

*

ಏಪ್ರಿಲ್ ೧೮

ಅಪ್ಪ,

ಫೇಲಾದೆ.

ಬರೆಯುವುದು, ಓದುವುದು, ಕೇಳುವುದು, ಮೂರರಲ್ಲೂ ಪಾಸು. ಮಾತಿನಲ್ಲಿ ಫೇಲು. ನನ್ನ ಬಾಯಿ ಮುಚ್ಚಿಸುವುದಕ್ಕೆ ಆಗುವುದಿಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗುತ್ತೀರಲ್ಲ, ಈಗ ಆ ಬಾಯಿಗೇ ಫೇಲಾಗಿದ್ದೇನೆ.

ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ. ಇಬ್ಬಿಬ್ಬರನ್ನು ಒಟ್ಟಿಗೆ ಒಳಗೆ ಕರೆಯುತ್ತಾರೆ. ನನ್ನ ಜೋಡಿ ಟೇಪ್. ಮೇಜಿನ ಆಚೆ ತಲೆ ಪೂರ್ತಿ ನರೆತ ಒಬ್ಬರು ಹೆಂಗಸು, ಪಕ್ಕದಲ್ಲಿ ಮಾರ್ಕು ಬರೆದುಕೊಳ್ಳುವ ಗಂಡಸು. ಬೆಳಿಗ್ಗೆಯಿಂದ ಎಷ್ಟು ಮಂದಿ ಎಂಜಿನಿಯರುಗಳನ್ನೂ ಎಷ್ಟು ನಾಯಿಗಳನ್ನೂ ಸಹಿಸಿದ್ದರೋ ಪಾಪ, ಆ ಹೆಂಗಸಿನ ಕಣ್ಣು ಕಿಟಕಿಯ ಆಚೆಗೆ ಹೋಗಿತ್ತು. ಟೇಪ್ ಶುರು ಮಾಡಿದಳು. ತಂದೆ ಎಂಜಿನಿಯರ್, ತಾಯಿ ಗೃಹಿಣಿ, ಅಡುಗೆ ಇಷ್ಟ. ಅಲ್ಲಿಗೆ ಆಕೆ ಕೈ ಎತ್ತಿ ತಡೆದರು. ಬದುಕಿರುವವರ ಬಗ್ಗೆ ಯಾರೂ ಕೇಳುವುದಿಲ್ಲ ಅಂದಿದ್ದರಲ್ಲ ಮೇಷ್ಟ್ರು? ಕೇಳಿದರು! “ನಿಮ್ಮ ತಾಯಿ ಏನು ಅಡುಗೆ ಮಾಡುತ್ತಾರೆ?”

ಟೇಪ್ ಒಂದು ಸಾಲು ಹಾರಿ ಮುಂದುವರಿಸಿದಳು: “ಫುಟ್‌ಬಾಲ್.”

ಯಾರೂ ನಗಲಿಲ್ಲ. ಗಂಡಸು ಬರೆದುಕೊಂಡ.

ನನ್ನ ಸರದಿ ಬಂತು. ನಿಮ್ಮ ‘ಬೇಡ’ ನನ್ನ ಚೀಲದಲ್ಲೇ ಇತ್ತು. ಆದರೂ ಹೇಳಿದೆ. “ನನ್ನ ತಾಯಿ ತೀರಿಕೊಂಡಿದ್ದಾರೆ. ಅವರು ಗಡಿಯಾರ ರಿಪೇರಿ ಮಾಡುತ್ತಿದ್ದರು.” ಆಕೆಯ ಕಣ್ಣು ಕಿಟಕಿಯಿಂದ ವಾಪಸು ಬಂತು. ನನ್ನ ಕಡೆ ಬಾಗಿ, ನಿಧಾನವಾಗಿ, ನನಗೆ ಅರ್ಥವಾಗಲಿ ಅಂತ ಒಂದೊಂದೇ ಪದ ಬಿಡಿಸಿ ಕೇಳಿದರು: “ವೀ ವಾರ್ ಝೀ?”

ಅವರು ಹೇಗಿದ್ದರು? ಅಷ್ಟೇ. ಅದರಲ್ಲಿ ನನಗೆ ಗೊತ್ತಿಲ್ಲದ ಪದ ಒಂದೂ ಇರಲಿಲ್ಲ.

ಬಾಯಿ ತೆರೆದೆ. ಏನು ಬಂತು ಗೊತ್ತಾ? ನಿಮ್ಮ ಗದ್ಯ ಬಂತು. “ಅವರು ಒಳ್ಳೆಯವರು. ಅವರ ಕೈ ಚುರುಕು. ಮಾತು ಕಡಿಮೆ.” ಅಲ್ಲಿಗೆ ನಿಂತುಹೋಯಿತು. ಯಾಕೆಂದರೆ ಮುಂದಿನದು ನಿಮ್ಮ ಜೋಕು, “ಊರಿನವರ ಟೈಮೆಲ್ಲ ಸರಿಮಾಡಿದಳು, ಅವಳ ಟೈಮೇ ಸರಿ ಇರಲಿಲ್ಲ.” ಆ ಹೆಂಗಸು ಕಾದರು. ಪದ ಸಿಗುತ್ತಿಲ್ಲ ಅಂದುಕೊಂಡು ತಲೆಯಾಡಿಸಿ ಧೈರ್ಯ ಹೇಳಿದರು. ಜರ್ಮನ್ ಪದ ಸಿಕ್ಕದೆ ಅಲ್ಲ ಅಪ್ಪ, ಕನ್ನಡದಲ್ಲೂ ನನ್ನ ಹತ್ತಿರ ಅಷ್ಟೇ ಇರುವುದು. ಸಮಯ ಮುಗಿಯಿತು.

ಟೇಪ್ ಪಾಸಾದಳು. ಮೇಷ್ಟ್ರು, “ಸತ್ತವರನ್ನ ತರಬೇಡ ಅಂತ ಹೇಳಿದ್ನೋ ಇಲ್ವೋ?” ಅಂದರು.

ಅವರ ಮೇಲೆ ಎಷ್ಟು ಸಿಟ್ಟು ಹಿಡಿಸುತ್ತದೋ ಅಷ್ಟನ್ನೂ ತುಂಬಿ ಆಯಿತು. ಉಳಿದದ್ದು ನಿಮ್ಮ ಪಾಲಿಗೆ. ನಾನು ಯಾವಾಗ ಕೇಳಿದರೂ, ಯಾರು ಕೇಳಿದರೂ, ನೀವು ಅದೇ ಮಾತನ್ನು ಅದೇ ಕ್ರಮದಲ್ಲಿ ಹೇಳುತ್ತೀರಿ. ಜೋಕಿಗೆ ಬಂದವರು ನಗುತ್ತಾರೆ, ಆಮೇಲೆ “ಅಯ್ಯೋ” ಅನ್ನುತ್ತಾರೆ, ಅಷ್ಟು ಹೊತ್ತಿಗೆ ನೀವು ಕಾಫಿ ತರುವುದಕ್ಕೆ ಎದ್ದಿರುತ್ತೀರಿ. ಟೈರ್ ಅಂಗಡಿಯ ಮೇಲೆ ಕುಟುಂಬ ಉರುಹೊಡೆಸುತ್ತಾರೆ ಅಂತ ನಾನು ಹಾರಾಡಿದೆನಲ್ಲ, ನಮ್ಮ ಮನೆಯಲ್ಲಿ ನಡೆದದ್ದೇನು? ಬಾಗಿಲು ಹಾಕಿ ಮನೆಯಲ್ಲಿಡಬೇಕು ಅಂದಿರಿ. ಇಟ್ಟದ್ದನ್ನು ನನಗೂ ತೋರಿಸದ ಬಾಗಿಲು ಎಂಥದ್ದು?

ಮಾತಿನ ಪರೀಕ್ಷೆಯೊಂದನ್ನೇ ಮತ್ತೆ ಬರೆಯಬಹುದು, ಜೂನಿನಲ್ಲಿ. ಬರೆಯಬಹುದು ಅಂದೆ ನೋಡಿ, ಮಾತನ್ನು. ಅಲ್ಲಿಯವರೆಗೆ ಜಾಗ ಹಿಡಿದಿಡುತ್ತೇವೆ ಅಂತ ಆ ಲ್ಯಾಬಿನವರು ತಿಳಿಸಿದ್ದಾರೆ. ಅವರು ಮತ್ತೆ ಅದನ್ನೇ ಕೇಳಿದರೆ ನಾನು ಏನು ಹೇಳಲಿ?

ನಿಮ್ಮ ಮಗಳು

*

ಏಪ್ರಿಲ್ ೨೫

ಕಿಡಿ,

ಕಾಗದ ತಲುಪಿತು.

ಹೌದು, ಗದ್ಯವೇ. ನೀನು ಲಂಗ ಹಿಡಿದುಕೊಂಡು ಬಂದು ಕೇಳಿದಾಗ ಬಾಯಿ ತೊದಲದೆ ಹೇಳುವುದಕ್ಕೆ ಆದದ್ದು ಅಷ್ಟೇ. ಅದನ್ನೂ ಉರುಹೊಡೆದೇ ಕಲಿತೆ. ಏಣಿಯ ಮೇಲೆ ನಿಂತು, ಗೋಡೆಗೆ ಮುಖ ಮಾಡಿ. ಈಗ ನನ್ನನ್ನು ಆ ಪೆನ್ನು ಕಳೆದುಕೊಳ್ಳುವ ಮೇಷ್ಟ್ರ ಪಕ್ಕದಲ್ಲಿ ಕೂರಿಸಿದ್ದೀಯ. ಕೂರಿಸು. ಅವನೂ ಯಾರನ್ನೋ ದಾಟಿಸುವುದಕ್ಕೇ ಒದ್ದಾಡುತ್ತಿರಬೇಕು.

ಕೆಲಸವಿದೆ.

ಅಪ್ಪ

*

ಮೇ ೧೬

ಕಿಡಿ,

ಈ ಕಾಗದವನ್ನು ಬಹಳ ಸಲ ಶುರುಮಾಡಿ ಹರಿದೆ. ಪ್ರತಿ ಸಲವೂ ಮೂರನೇ ಸಾಲಿಗೆ ಒಂದು ಚಮತ್ಕಾರ ಬಂದು ಕೂರುತ್ತಿತ್ತು. ಕೊನೆಗೆ ನಿನ್ನ ಪಾಠದ ವಾಕ್ಯಗಳನ್ನು ನೋಡಿದೆ. ಅಷ್ಟು ಸಣ್ಣ ವಾಕ್ಯದಲ್ಲಿ ಚಮತ್ಕಾರಕ್ಕೆ ಕಾಲಿಡಲು ಜಾಗವಿಲ್ಲ. ಅದೇ ಅಳತೆಗೆ ಬರೆದಿದ್ದೇನೆ. ಜರ್ಮನ್ ಮಾಡಿಕೊಳ್ಳುವುದು ನಿನ್ನ ಕೆಲಸ. ಜೂನಿನಲ್ಲಿ ಹೋಗಿ ಹೇಳು. ಮಾರ್ಕು ಹಾಕಿದರೆ ಹಾಕಿಕೊಳ್ಳಲಿ.

ಅವಳು ಕುಳ್ಳಗಿದ್ದಳು. ಸ್ಟೂಲಿನ ಮೇಲೆ ಕೂತರೆ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಅವಳ ದನಿ ದೊಡ್ಡದು. ಮಾತು ಕಡಿಮೆ ಅನ್ನುವುದನ್ನು ಹೊಡೆದುಹಾಕು. ಅವಳು ಗಿರಾಕಿಗಳನ್ನು ಬೈಯುತ್ತಿದ್ದಳು. “ವಾಚನ್ನ ಯಾಕ್ರೀ ನೀರಿಗೆ ಹಾಕಿದ್ರಿ, ಅದೇನು ಮೀನಾ?” ಅನ್ನುತ್ತಿದ್ದಳು. ಅವರು ಮತ್ತೆ ಅವಳ ಹತ್ತಿರವೇ ಬರುತ್ತಿದ್ದರು.

ಅವಳಿಗೆ ಅಡುಗೆ ಇಷ್ಟವಿರಲಿಲ್ಲ. ಹಾಲು ದಿನವೂ ಉಕ್ಕುತ್ತಿತ್ತು. ಅವಳು ಒಲೆಯನ್ನೇ ಬೈಯುತ್ತಿದ್ದಳು.

ಅವಳಿಗೆ ಕೇರಂ ಇಷ್ಟ. ಅವಳು ಮೋಸ ಮಾಡುತ್ತಿದ್ದಳು. ಮೊಣಕೈಯಿಂದ ಕಾಯಿ ಸರಿಸುತ್ತಿದ್ದಳು. ಸಿಕ್ಕಿಬಿದ್ದರೆ ಕಾಯಿಗಳನ್ನೆಲ್ಲ ಕಲಸಿ ಎದ್ದು ಹೋಗುತ್ತಿದ್ದಳು.

ನೀನು ಅತ್ತರೆ ಅವಳು ಸಮಾಧಾನ ಮಾಡುತ್ತಿರಲಿಲ್ಲ. ನಿನ್ನನ್ನು ಮೇಜಿನ ಮೇಲೆ ಕೂರಿಸುತ್ತಿದ್ದಳು. ಒಂದು ವಾಚನ್ನು ನಿನ್ನ ಕಿವಿಗೆ ಹಿಡಿಯುತ್ತಿದ್ದಳು. ನೀನು ಬಾಯಿ ತೆರೆದುಕೊಂಡು ಕೇಳುತ್ತಿದ್ದೆ. ಆ ಮೇಜನ್ನು ಮುಟ್ಟಲು ನಿನಗೊಬ್ಬಳಿಗೇ ಅನುಮತಿ ಇತ್ತು.

ಆಸ್ಪತ್ರೆಯಲ್ಲಿ ಅವಳು ಡಾಕ್ಟರನ್ನು ಬೈದಳು. ಅವರ ವಾಚು ಹಿಂದೆ ಬೀಳುತ್ತಿತ್ತು. ಬಿಚ್ಚಿ ಕೊಡಿ ಅಂದಳು. ಅವರು ಕೊಟ್ಟರು. ಅವಳು ಮಲಗಿಕೊಂಡೇ ಸರಿಮಾಡಿದಳು. ಕೈ ನಡುಗುತ್ತಿತ್ತು. ಆದರೂ ಸರಿಯಾಯಿತು.

ಅವಳು ನನ್ನ ಜೋಕಿಗೆ ನಗುತ್ತಿರಲಿಲ್ಲ. ಒಂದಕ್ಕೂ ನಗಲಿಲ್ಲ. ಊರೆಲ್ಲ ನಗುವಾಗ ಅವಳು ತಲೆ ಎತ್ತುತ್ತಿರಲಿಲ್ಲ. ವಾಚಿನೊಳಗೆ ನೋಡುತ್ತಲೇ, “ಮುಗೀತಾ?” ಅನ್ನುತ್ತಿದ್ದಳು. ಆಗ ನಾನು ಸುಮ್ಮನಾಗುತ್ತಿದ್ದೆ.

ಅವಳು ಹೋದ ಮೇಲೆ ಯಾರೂ ಹಾಗೆ ಕೇಳಲಿಲ್ಲ. ನಾನೂ ನಿಲ್ಲಿಸಲಿಲ್ಲ.

ಅಪ್ಪ